ನಾಗಾವಿಯ ದತ್ತಿ

ಓದಿದ ಸಂಸ್ಥೆಗೆ ಆಸ್ತಿ ಬರೆದಿಡುವುದು ಪಶ್ಚಿಮದಿಂದ ಬಂದ ರೂಢಿ ಎನ್ನುವವರು ಚಿತ್ತಾಪುರದ ಪಕ್ಕದ ನಾಗಾವಿಯ ಶಾಸನವನ್ನು ಗಮನಿಸಬೇಕು. 1058ರಲ್ಲಿ, ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ದಂಡನಾಯಕ ಮಧುಸೂದನ ಇಲ್ಲಿ ಘಟಿಕಾಸ್ಥಾನವನ್ನು, ಅಂದರೆ ವಿದ್ಯಾಕೇಂದ್ರವನ್ನು, ಕಟ್ಟಿಸಿ ಅದಕ್ಕೆ ದತ್ತಿ ಬಿಟ್ಟ. ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 52, ಇವರಿಗೆ ಪಾಠ ಹೇಳುವ ಉಪಾಧ್ಯಾಯರು, ಜೊತೆಗೆ ಗ್ರಂಥ ಕಾಯುವ 6 ಮಂದಿ ಸರಸ್ವತೀ ಭಂಡಾರಿಗರು. ನನ್ನ ಕಣ್ಣು ನಿಲ್ಲುವುದು ಈ ಆರು ಮಂದಿಯ ಮೇಲೆ. ಕಟ್ಟಡಕ್ಕೆ ಹೆಸರು ಕೆತ್ತಿಸುವ ದಾನಿಗಳು ಎಲ್ಲ ಕಾಲದಲ್ಲೂ ಸಿಗುತ್ತಾರೆ; ಓಲೆಗರಿಗೆ ಹುಳು ಹಿಡಿಯದಂತೆ ನೋಡಿಕೊಳ್ಳುವವನ ಅನ್ನದ ಚಿಂತೆ ಮಾಡುವವರು ಕಡಿಮೆ. ಪಶ್ಚಿಮದ ಉದಾಹರಣೆಯನ್ನೇ ನೋಡಿ: ಆಕ್ಸ್‌ಫರ್ಡಿನಲ್ಲಿ ಓದಿದ ಥಾಮಸ್ ಬಾಡ್ಲಿ ಅಲ್ಲಿಯ ಪಾಳುಬಿದ್ದ ಗ್ರಂಥಾಲಯವನ್ನು 1602ರಲ್ಲಿ ಮತ್ತೆ ತೆರೆಸಿ, 1613ರಲ್ಲಿ ಸಾಯುವಾಗ ಸಂಪತ್ತಿನ ಬಹುಪಾಲನ್ನು ಅದಕ್ಕೇ ಬಿಟ್ಟ. ನಾಗಾವಿಯ ಏರ್ಪಾಡು ಅದಕ್ಕಿಂತ ಐದು ಶತಮಾನ ಹಳೆಯದು.

ಮಧುಸೂದನ ಹಳೆಯ ವಿದ್ಯಾರ್ಥಿಯಲ್ಲವಲ್ಲ ಎಂಬ ಆಕ್ಷೇಪ ಸರಿಯೇ. ಸಂಸ್ಥೆ ಕಟ್ಟಿದವನು ಅಲ್ಲಿಯೇ ಓದಿರಲಾರ. ಆದರೆ ಬಾಡ್ಲಿಯಂತೆ ಅವನೂ ತನ್ನ ಸಂಪತ್ತನ್ನು ವಿದ್ಯೆಗೆ ತಿರುಗಿಸಿದ. ವೇದಾಧ್ಯಯನದ ಬಾಗಿಲು ಎಲ್ಲ ಜಾತಿಗೆ ತೆರೆದಿರಲಿಲ್ಲ ಎಂಬ ಮಾತು ಇದಕ್ಕಿಂತ ಗಟ್ಟಿ, ಅದನ್ನು ತೇಲಿಸಿಬಿಡುವಂತಿಲ್ಲ: ನೆಲ ಉತ್ತವರ ಮಕ್ಕಳು ಆ ಸಾಲಿನಲ್ಲಿ ಕೂರಲಿಲ್ಲ. ಹಾಗೆಂದು ದತ್ತಿಯ ರಚನೆಯ ಜಾಣ್ಮೆ ಸುಳ್ಳಾಗದು. ಅದರ ನಿಜವಾದ ದೌರ್ಬಲ್ಯ ಬೇರೆ ಕಡೆ ಇತ್ತು: ಶಾಸನವನ್ನು ಮಾನ್ಯ ಮಾಡುವ ಪ್ರಭುತ್ವ ಇರುವವರೆಗೆ ಮಾತ್ರ ದತ್ತಿಗೆ ಉಳಿವು. ನಾಗಾವಿಯ ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ, ಭಂಡಾರಿಗರು ಕಾಯ್ದ ಗ್ರಂಥಗಳಿಲ್ಲ.