ನಂಜು, ಅರಿಶಿನ ಮತ್ತು ವಿಜ್ಞಾನ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಹೆಸರಾಗಿರುವುದು ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳಿಂದ. ಆ ಮರಗಳ ನೆರಳಿನಲ್ಲಿ ಬಾಳುವವರು ಬೇಸಾಯಗಾರರು. ಈ ಸೀಮೆಯಲ್ಲಿ ಕುಡುಗೋಲು ತಗುಲಿ ಕೈ ಕುಯ್ದರೆ ಮೊದಲು ನೆನಪಾಗುವುದು ಅರಿಶಿನ. ಹಿರಿಯರ ಭಯ ಗಾಯದ್ದಲ್ಲ, ಅದು ನಂಜಾದೀತೆಂಬುದು. ನಂಜು ಎಂದರೆ ವಿಷ. ವಿಷವನ್ನುಂಡ ಶಿವನೇ ನಂಜನಗೂಡಿನ ನಂಜುಂಡೇಶ್ವರ. ನಂಜೇಗೌಡ, ನಂಜಮ್ಮ ಎಂಬ ಹೆಸರುಗಳ ಹಿಂದೆ ಇರುವುದೂ ಅದೇ ದೇವರು.

ಗಾಯದ ನಂಜು ಮೈಗೆಲ್ಲ ಏರಿದಾಗ ವೈದ್ಯರು ಅದನ್ನು 'ಸೆಪ್ಸಿಸ್' ಎನ್ನುತ್ತಾರೆ. ಕೊಳೆಯುವಿಕೆ ಎಂಬ ಅರ್ಥದ ಗ್ರೀಕ್ ಪದವಿದು. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್, ವೈದ್ಯರು ಕೈ ತೊಳೆದುಕೊಂಡರೆ ಬಾಣಂತಿಯರ ಸಾವು ತಗ್ಗುವುದೆಂದು ತೋರಿಸಿದರು. 1867ರಲ್ಲಿ ಲಿಸ್ಟರ್ ಶಸ್ತ್ರಚಿಕಿತ್ಸೆಯ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಬಳಸಿದ ಫಲಿತಾಂಶ ಪ್ರಕಟಿಸಿದರು. 1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಆದರೆ ರೋಗಾಣುಗಳು ಸತ್ತ ಮೇಲೂ ಕೆಲವು ರೋಗಿಗಳು ಉಳಿಯಲಿಲ್ಲ. ಏಕೆ? ರೋಗಾಣುವಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ಹತೋಟಿ ತಪ್ಪಿ, ಮೂತ್ರಪಿಂಡ, ಶ್ವಾಸಕೋಶ, ಹೃದಯಗಳಿಗೆ ಹಾನಿ ಮಾಡುತ್ತದೆ. 2016ರಲ್ಲಿ ತಜ್ಞರು ಸೆಪ್ಸಿಸ್‌ಗೆ ನೀಡಿದ ವ್ಯಾಖ್ಯೆಯ ತಿರುಳೂ ಇದೇ. ಒಂದು ಅಂದಾಜಿನಂತೆ 2017ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಸಾವುಗಳಿಗೆ ಸೆಪ್ಸಿಸ್‌ನ ಸಂಬಂಧವಿತ್ತು.

ಈ ಒಳಗಿನ ಉರಿಯನ್ನು ಸಸ್ಯಗಳ ಸಾರ ತಣಿಸಬಲ್ಲದೇ? ಮಂಡ್ಯದ ನೆರೆಯ ಚಾಮರಾಜನಗರ ಜಿಲ್ಲೆಯ ಮುಖ್ಯ ಬೆಳೆಗಳಲ್ಲೊಂದಾದ ಅರಿಶಿನದ ಚರಿತ್ರೆ ಇಲ್ಲಿ ಪಾಠ ಹೇಳುತ್ತದೆ. ಅದರ ಹಳದಿ ಬಣ್ಣದ ವಸ್ತುವಾದ ಕರ್ಕ್ಯುಮಿನ್ ಅನ್ನು 1815ರಲ್ಲಿ ಬೇರ್ಪಡಿಸಲಾಯಿತು. ಅದರ ರಾಸಾಯನಿಕ ರಚನೆ 1910ರಲ್ಲಿ ತಿಳಿಯಿತು. ಗಾಯ ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ನೀಡಿದಾಗ, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳನ್ನು ಸಾಕ್ಷ್ಯವಾಗಿ ಒಡ್ಡಿ ಪ್ರಶ್ನಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಬರೆದಿಟ್ಟ ಅರಿವೇ ನಮ್ಮ ಪರ ಸಾಕ್ಷಿಯಾಯಿತು.

ಆದರೆ ಹೊರಗಿನ ಗಾಯ ಬೇರೆ, ರಕ್ತಕ್ಕೇರಿದ ನಂಜು ಬೇರೆ. ಪ್ರಯೋಗಾಲಯದ ಇಲಿಗಳಲ್ಲಿ ಕರ್ಕ್ಯುಮಿನ್ ಉರಿಯೂತವನ್ನು ತಗ್ಗಿಸಿದ್ದುಂಟು. ಮನುಷ್ಯ ಅದನ್ನು ಸೇವಿಸಿದರೆ ರಕ್ತಕ್ಕೆ ಸೇರುವ ಅಂಶ ಅತ್ಯಲ್ಪ. ಆದ್ದರಿಂದ ಅದು ಇನ್ನೂ ಸೆಪ್ಸಿಸ್‌ನ ಔಷಧಿಯಾಗಿಲ್ಲ.

ಚೀನಾದ 'ಷ್ವೆಬಿಜಿಂಗ್' ಎಂಬ ಚುಚ್ಚುಮದ್ದು ಮುಂದಿನ ಹೆಜ್ಜೆ. ಐದು ಸಸ್ಯಗಳ ಸಾರವುಳ್ಳ ಇದರಲ್ಲಿ ನಮ್ಮ ಉತ್ತರ ಕರ್ನಾಟಕದ ರೈತರಿಗೆ ಪರಿಚಿತವಾದ ಕುಸುಬೆಯ ಹೂವೂ ಸೇರಿದೆ. 2023ರಲ್ಲಿ ಪ್ರಕಟವಾದ, 1,800ಕ್ಕೂ ಹೆಚ್ಚು ರೋಗಿಗಳಿದ್ದ ಪರೀಕ್ಷೆಯಲ್ಲಿ 28 ದಿನಗಳೊಳಗಿನ ಸಾವಿನ ಪ್ರಮಾಣ ಶೇಕಡ 26.1ರ ಬದಲು 18.8 ಆಗಿತ್ತು. ಇದನ್ನು ಕೊಟ್ಟದ್ದು ಮಾಮೂಲಿ ಚಿಕಿತ್ಸೆಯ ಜೊತೆಗೇ ಹೊರತು ಅದರ ಬದಲಿಗಲ್ಲ. ಒಂದೇ ದೇಶದ ಈ ಫಲಿತಾಂಶ ಬೇರೆಡೆಯೂ ದೃಢಪಡಬೇಕು.

ವಿದ್ಯಾರ್ಥಿಗಳು ನೆನಪಿಡಬೇಕಾದುದಿಷ್ಟು: ಗಾಯವಾದ ಬಳಿಕ ಚಳಿಜ್ವರ, ಏದುಸಿರು, ಮಂಪರು ಅಥವಾ ಮೂತ್ರ ಕಡಿಮೆಯಾಗುವುದು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು, ತಡವಾದಷ್ಟೂ ಅಪಾಯ ಹೆಚ್ಚು. ಅಜ್ಜಿಯ ಅರಿವನ್ನು ಅಲ್ಲಗಳೆಯಬೇಕಿಲ್ಲ. ಅದನ್ನು ಬರೆದಿಟ್ಟು, ಪರೀಕ್ಷೆಗೆ ಒಡ್ಡಿ, ಎಲ್ಲಿಯವರೆಗೆ ಸಲ್ಲುತ್ತದೆಂದು ತಿಳಿಯುವುದು ಮುಂದಿನ ತಲೆಮಾರಿನ ಕೆಲಸ.