ಆರ್ಥಿಕ ದೌರ್ಜನ್ಯ ತಡೆಯ ಸರ್ಕಾರಿ ಕ್ರಮಗಳು: ವಾಳಪೈ ಮತ್ತು ಸತ್ತರಿ ತಾಲ್ಲೂಕು

ಹೆಣ್ಣಿನ ದುಡಿಮೆಯ ಹಣ ಕಸಿದುಕೊಳ್ಳುವುದು, ಮನೆಖರ್ಚಿಗೆ ಕೊಡದಿರುವುದು, ಕೇಳದೆ ಒಡವೆ ಅಡವಿಡುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಬಾಳುತ್ತಿರುವ ಮನೆಯಿಂದ ಹೊರಹಾಕುವುದು ಇವೆಲ್ಲವನ್ನೂ ಭಾರತದ ಕಾನೂನು 2005ರಲ್ಲಿ ಆರ್ಥಿಕ ದೌರ್ಜನ್ಯವೆಂದು ಹೆಸರಿಸಿತು. ಉತ್ತರ ಗೋವಾದ ಸತ್ತರಿ ತಾಲ್ಲೂಕಿನ ಕೇಂದ್ರವಾದ ವಾಳಪೈಯಲ್ಲಿ ಈ ಕಾನೂನು ಬರುವ ಹೊತ್ತಿಗೆ ಇನ್ನೊಂದು ಕಾನೂನು ಬೇರೂರಿತ್ತು. ಅದು ಗಂಡಹೆಂಡಿರ ಆಸ್ತಿಯನ್ನು ಸಮಪಾಲಾಗಿ ಕಾಣುವ ಪೋರ್ಚುಗೀಸ್ ಸಿವಿಲ್ ಸಂಹಿತೆ. ಗೋವಾದ ಬಗ್ಗೆ ಬಂದಿರುವ ಹೆಚ್ಚಿನ ಬರಹಗಳು ಇವೆರಡನ್ನು ಒಂದಕ್ಕೊಂದು ಬೆರೆಸುತ್ತವೆ. ಅರ್ಧ ಆಸ್ತಿಯ ಹಕ್ಕಿರುವುದರಿಂದ ಗೋವಾದ ಹೆಂಗಸರಿಗೆ ಹಣಕಾಸಿನ ರಕ್ಷಣೆ ಮೊದಲಿನಿಂದಲೂ ಇದೆ ಎಂಬ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ.

ಸಂಹಿತೆಯ ಕಾಲ

1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯನ್ನು 1869ರ ನವೆಂಬರ್ 18ರ ಆಜ್ಞೆಯ ಮೂಲಕ ಸಾಗರದಾಚೆಯ ವಸಾಹತುಗಳಿಗೂ ವಿಸ್ತರಿಸಲಾಯಿತು. ಸತ್ತರಿ ಪೋರ್ಚುಗೀಸರ ಕೈಗೆ ತಡವಾಗಿ ಬಂದ 'ಹೊಸ ಗೆಲುವಿನ' ಸೀಮೆ. ಇಲ್ಲಿನ ಹಿಂದೂಗಳ ರೂಢಿಗಳಿಗೆ 1880ರ ಡಿಸೆಂಬರ್ 16ರ ಆಜ್ಞೆ ಪ್ರತ್ಯೇಕ ಮಾನ್ಯತೆ ನೀಡಿತು. ಪೋರ್ಚುಗಲ್ ಗಣರಾಜ್ಯವಾದ 1910ರಲ್ಲಿ ವಿಚ್ಛೇದನ ಮತ್ತು ನಾಗರಿಕ ವಿವಾಹದ ಕಾನೂನುಗಳು ಬಂದವು.

ಸಂಹಿತೆಯ ತಿರುಳು ಹೀಗಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ, ಇಬ್ಬರೂ ತಂದ ಮತ್ತು ಮುಂದೆ ಗಳಿಸುವ ಆಸ್ತಿಯೆಲ್ಲ ಒಂದಾಗಿ, ಪ್ರತಿಯೊಬ್ಬರಿಗೂ ಅದರಲ್ಲಿ ಅರ್ಧ ಸಲ್ಲುತ್ತದೆ. ಇಬ್ಬರ ಒಪ್ಪಿಗೆಯಿಲ್ಲದೆ ಸ್ಥಿರಾಸ್ತಿಯನ್ನು ಮಾರುವಂತಿಲ್ಲ. ಗೋವಾದಲ್ಲಿ ಜಮೀನಿನ ಕ್ರಯಪತ್ರಕ್ಕೆ ಗಂಡನ ಜೊತೆ ಹೆಂಡತಿಯ ಸಹಿಯನ್ನೂ ಹಾಕಿಸುವುದು ಈ ನಿಯಮದಿಂದಲೇ. ಗಂಡ ಒಬ್ಬನೇ ಗದ್ದೆ ಮಾರಿ ಹಣ ಮುಗಿಸುವುದನ್ನು ತಡೆಯುವ ಶಕ್ತಿ ಇದಕ್ಕಿದೆ. ದೇಶದ ಬೇರೆ ಬಹುತೇಕ ಕಡೆಯ ಹೆಂಗಸರಿಗೆ ಇಷ್ಟರಮಟ್ಟಿನ ತಡೆ ಇಂದಿಗೂ ಇಲ್ಲ.

ಆದರೆ ಅದೇ ಸಂಹಿತೆ ದಂಪತಿಯ ಆಸ್ತಿಯ ಆಡಳಿತವನ್ನು ಗಂಡನ ಕೈಗೆ ಕೊಟ್ಟಿತು. ಗೇಣಿ, ಬಾಡಿಗೆ, ಫಸಲಿನ ಹಣ ಯಾರ ಕಿಸೆಗೆ ಹೋಗಬೇಕು, ಮನೆಗೆ ಎಷ್ಟು ಕೊಡಬೇಕು ಎಂಬ ದಿನದ ಲೆಕ್ಕದಲ್ಲಿ ಹೆಂಡತಿಯ ಅರ್ಧ ಭಾಗಕ್ಕೆ ಬೆಲೆಯಿರಲಿಲ್ಲ. ಮದುವೆ ಮುರಿದಾಗ ಅಥವಾ ಒಬ್ಬರು ತೀರಿಕೊಂಡಾಗ ಮಾತ್ರ ಅದು ಕೈಗೆ ಬರುವಂಥದ್ದು. ಹೆಂಡತಿ ತವರಿನಿಂದ ತಂದ ಭೂಮಿ, ಚಿನ್ನ ಕೂಡ ಒಟ್ಟು ಆಸ್ತಿಗೆ ಸೇರುವುದರಿಂದ ಅದರಲ್ಲಿ ಗಂಡನಿಗೂ ಅರ್ಧ ಪಾಲಿದೆ. ಸಹಿ ಕಡ್ಡಾಯವಾದ ಮೇಲೆ ಸಹಿಗಾಗಿಯೇ ಒತ್ತಾಯ ನಡೆಯಬಹುದು. ಆ ಒತ್ತಾಯಕ್ಕೆ ಸಂಹಿತೆಯಲ್ಲಿ ತಕ್ಷಣದ ಪರಿಹಾರವಿಲ್ಲ. ಕಾಗದದ ಸಮಾನತೆಗೂ ಮನೆಯೊಳಗಿನ ನಡೆಗೂ ಇರುವ ಈ ದೂರವನ್ನು 'ಬಾಯ್ಲಾಂಚೊ ಸಾದ್'ನಂಥ ಗೋವಾದ ಮಹಿಳಾ ಸಂಘಟನೆಗಳು ಎತ್ತಿ ತೋರಿಸುತ್ತ ಬಂದಿವೆ.

1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿತು. 1962ರ ಆಡಳಿತ ಕಾಯ್ದೆ ಅಲ್ಲಿದ್ದ ಕಾನೂನುಗಳನ್ನು ಮುಂದುವರಿಸಿತು. ಅತ್ತ ಪೋರ್ಚುಗಲ್ 1966ರಲ್ಲಿ ಹೊಸ ಸಂಹಿತೆ ಬರೆದು, 1977ರ ತಿದ್ದುಪಡಿಯಲ್ಲಿ ಗಂಡನ ಯಜಮಾನಿಕೆಯನ್ನು ತೆಗೆದುಹಾಕಿತು. ಲಿಸ್ಬನ್ನಿನಲ್ಲಿ ಸತ್ತ ಕಾನೂನು ವಾಳಪೈಯಲ್ಲಿ ಬದುಕುಳಿಯಿತು. 2016ರ ಡಿಸೆಂಬರ್ 22ರಂದು ಜಾರಿಯಾದ ಗೋವಾ ಉತ್ತರಾಧಿಕಾರ, ವಿಶೇಷ ನೋಟರಿ ಮತ್ತು ಆಸ್ತಿಪಟ್ಟಿ ವಿಚಾರಣೆ ಕಾಯ್ದೆ ಉತ್ತರಾಧಿಕಾರದ ಭಾಗವನ್ನು ಹೊಸದಾಗಿ ಬರೆಯಿತು.

1961ರ ಆದಾಯ ತೆರಿಗೆ ಕಾಯ್ದೆಯ 5ಎ ಕಲಂ ಇದೇ ಜಾಡಿನದು. ಸಮಪಾಲಿನ ದಂಪತಿಯ ಆದಾಯವನ್ನು, ಸಂಬಳವೊಂದನ್ನು ಬಿಟ್ಟು, ಇಬ್ಬರ ಹೆಸರಿಗೂ ಅರ್ಧರ್ಧ ಹಂಚಿ ತೆರಿಗೆ ಲೆಕ್ಕ ಹಾಕಲಾಗುತ್ತದೆ. ತೆರಿಗೆ ಪತ್ರದಲ್ಲಿ ಹೆಂಡತಿಯ ಹೆಸರಿಗೆ ಬರೆದ ಬಾಡಿಗೆ ಹಣ ಅವಳ ಕೈಸೇರಲೇಬೇಕೆಂದು ಈ ಕಲಂ ಹೇಳುವುದಿಲ್ಲ.

ಸತ್ತರಿಯ ಭೂಮಿಯ ಪ್ರಶ್ನೆ

ಅರ್ಧ ಪಾಲು ಸಿಗಬೇಕಾದರೆ ಮೊದಲು ಕುಟುಂಬದ ಹೆಸರಿನಲ್ಲಿ ಆಸ್ತಿ ಇರಬೇಕು. ಸತ್ತರಿಯಲ್ಲಿ ತೊಡಕಿರುವುದು ಇಲ್ಲಿಯೇ. ತಲೆಮಾರುಗಳಿಂದ ಗೇರು ಬೆಳೆದು ಬಾಳುತ್ತಿರುವ ಅನೇಕ ಕುಟುಂಬಗಳ ಹೆಸರಿಗೆ ಆ ಗುಡ್ಡಗಳಿಲ್ಲ. ಭೂಮಿ ಮೊಕಾಸೊ ಅಥವಾ ಅಲ್ವಾರಾ ಎಂಬ ಹಳೆಯ ಭೂ ಮಂಜೂರಾತಿಗಳ ಹೆಸರಿನಲ್ಲಿದೆ, ಇಲ್ಲವೇ ಅರಣ್ಯವೆಂದು ದಾಖಲಾಗಿದೆ. 1999ರಲ್ಲಿ ಮಹದಾಯಿ ವನ್ಯಧಾಮ ಘೋಷಣೆಯಾದ ಮೇಲೆ ಈ ಅನಿಶ್ಚಿತತೆ ಹೆಚ್ಚಿತು. ಗಂಡನಿಗೇ ಹಕ್ಕುಪತ್ರವಿಲ್ಲದ ಕಡೆ ಹೆಂಡತಿಯ ಅರ್ಧ ಭಾಗ ಬರೀ ಮಾತಾಗುತ್ತದೆ.

ಈ ದೃಷ್ಟಿಯಿಂದ 2006ರ ಅರಣ್ಯ ಹಕ್ಕು ಕಾಯ್ದೆ ಸತ್ತರಿಯ ಹೆಂಗಸರಿಗೆ ಮುಖ್ಯವಾದದ್ದು. ಗೋವಾದ ಮಹಿಳಾ ಕಾನೂನುಗಳ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದೇ ಅಪರೂಪ. ಮದುವೆಯಾದವರಿಗೆ ಕೊಡುವ ಹಕ್ಕುಪತ್ರ ಗಂಡಹೆಂಡತಿ ಇಬ್ಬರ ಹೆಸರಿನಲ್ಲೂ ಜಂಟಿಯಾಗಿ ನೋಂದಣಿಯಾಗಬೇಕು, ಆ ಭೂಮಿಯನ್ನು ಪರಭಾರೆ ಮಾಡುವಂತಿಲ್ಲ ಎಂದು ಇದರ 4(4)ನೇ ಕಲಂ ಹೇಳುತ್ತದೆ. ಕುಡಿತಕ್ಕೋ ಸಾಲಕ್ಕೋ ಗೇರುತೋಟ ಕೈಬಿಟ್ಟುಹೋಗದಂತೆ ಕಾಯುವ ನಿಯಮವಿದು. ಗೋವಾದಲ್ಲಿ ಸಲ್ಲಿಕೆಯಾದ ಸಾವಿರಾರು ಅರ್ಜಿಗಳ ಇತ್ಯರ್ಥ ವರ್ಷಗಟ್ಟಲೆ ನಿಧಾನವಾಗಿ ಸಾಗಿದ್ದರಿಂದ ಅದರ ಫಲವೂ ಅಷ್ಟೇ ನಿಧಾನವಾಗಿ ಬಂದಿದೆ.

2005ರ ಕಾಯ್ದೆ

2005ರ ಕಾಯ್ದೆಗೂ ಮೊದಲು ಕೈಗೆ ಸಿಗುತ್ತಿದ್ದ ಪರಿಹಾರಗಳು ಕೆಲವೇ. 1983ರಲ್ಲಿ ಸೇರಿದ ದಂಡಸಂಹಿತೆಯ 498ಎ ಕಲಂ ಗಂಡನನ್ನು ಜೈಲಿಗೆ ಕಳಿಸಬಲ್ಲದಾಗಿತ್ತು, ಮನೆಗೆ ದಿನಸಿ ತರಿಸಲಾರದಾಗಿತ್ತು. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಅಡಿಯ ಜೀವನಾಂಶಕ್ಕೆ 2001ರ ತಿದ್ದುಪಡಿಯವರೆಗೆ ತಿಂಗಳಿಗೆ 500 ರೂಪಾಯಿಯ ಮಿತಿಯಿತ್ತು.

2005ರಲ್ಲಿ ಅಂಗೀಕಾರವಾದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಹೊಡೆತ, ಬೈಗುಳಗಳ ಸಾಲಿಗೇ ಅದು ಆರ್ಥಿಕ ದೌರ್ಜನ್ಯವನ್ನೂ ಸೇರಿಸಿತು. ಇಂಗ್ಲೆಂಡಿನ ಕಾನೂನಿನಲ್ಲಿ ಇಂಥ ವ್ಯಾಖ್ಯೆ ಬಂದದ್ದು 2021ರಲ್ಲಿ. ಕಾಯ್ದೆಯ ಜೊತೆ ಬಂದ ನಿಯಮಗಳ ಮೊದಲ ನಮೂನೆಯೇ 'ಕೌಟುಂಬಿಕ ಘಟನಾ ವರದಿ'. ಅದನ್ನು ತೆರೆದು ನೋಡಿದರೆ ಕಾನೂನು ಅಡುಗೆಮನೆಯವರೆಗೆ ಬಂದಿರುವುದು ಕಾಣುತ್ತದೆ: ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು, ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಅಡ್ಡಿಪಡಿಸುವುದು, ಬಾಡಿಗೆ ಕಟ್ಟದಿರುವುದು, ವಿದ್ಯುತ್ ಬಿಲ್‌ನಂಥ ಬಾಕಿ ಉಳಿಸುವುದು, ಸ್ತ್ರೀಧನ ಮಾರುವುದು ಅಥವಾ ಗಿರವಿ ಇಡುವುದು. ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ಹೆಂಗಸಿನ ಮಾತು ಕೇಳಿ ಇವನ್ನು ದಾಖಲಿಸಬೇಕು.

ಮ್ಯಾಜಿಸ್ಟ್ರೇಟ್ ಕೊಡಬಹುದಾದ ಆದೇಶಗಳೂ ಅಷ್ಟೇ ನೇರವಾಗಿವೆ. ಆಸ್ತಿ ಪರಭಾರೆ ಮಾಡದಂತೆ, ಬ್ಯಾಂಕ್ ಖಾತೆ ಮತ್ತು ಲಾಕರ್ ಮುಟ್ಟದಂತೆ ತಡೆಯಾಜ್ಞೆ ನೀಡಬಹುದು. ಖರ್ಚಿನ ಹಣ ಕೊಡದೆ ಸತಾಯಿಸುವವನ ಸಂಬಳದಿಂದ ಅದನ್ನು ಮುರಿದು ನೇರವಾಗಿ ಹೆಂಡತಿಗೆ ಕೊಡುವಂತೆ ಅವನ ಧಣಿಗೆ ಆದೇಶಿಸಬಹುದು. ಆದರೆ ದಿನಗೂಲಿಯವನ ವಿಷಯದಲ್ಲಿ ಈ ಕೊನೆಯ ದಾರಿ ಮುಚ್ಚಿದಂತೆಯೇ ಸರಿ, ಏಕೆಂದರೆ ಅವನ ಧಣಿ ವಾರಕ್ಕೊಬ್ಬ. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ನಡೆಯಬೇಕು, ಅಲ್ಲಿಂದ 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ.

ಕಾಯ್ದೆಯ ಬಲ ಸಂರಕ್ಷಣಾಧಿಕಾರಿಯ ಮೇಲೆ ನಿಂತಿದೆ. ಗೋವಾ ಸರ್ಕಾರ ಈ ಹೊಣೆಯನ್ನು ತಾಲ್ಲೂಕಿನ ಬ್ಲಾಕ್ ಅಭಿವೃದ್ಧಿ ಅಧಿಕಾರಿಗಳಿಗೆ (ಬಿಡಿಒ) ವಹಿಸಿತು. ಪಂಚಾಯಿತಿಗಳ ಕಾಮಗಾರಿ, ಅನುದಾನ, ಚುನಾವಣೆಗಳನ್ನು ಹೊತ್ತ ಅಧಿಕಾರಿಗೆ ಇದು ಇನ್ನೊಂದು ಹೆಚ್ಚುವರಿ ಕೆಲಸವಾಯಿತು. ಚೋರ್ಲಾ ಘಾಟಿಯ ಆಚೆ, ಖಾನಾಪುರವೂ ಸೇರಿದಂತೆ ಕರ್ನಾಟಕದ ತಾಲ್ಲೂಕುಗಳಲ್ಲಿ ಈ ಹೊಣೆ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿಡಿಪಿಒ). ಅಂಗನವಾಡಿಗಳ ಮೇಲ್ವಿಚಾರಣೆ ಅವರದೇ ಆದ್ದರಿಂದ ಹಳ್ಳಿಯ ಹೆಂಗಸರಿಗೆ ಪರಿಚಯದ ಮುಖವೊಂದು ಇರುತ್ತದೆ. ಕೆಲಸದ ಹೊರೆ ಮಾತ್ರ ಎರಡೂ ಕಡೆ ಒಂದೇ. ಗ್ರಾಮಸಭೆಯಲ್ಲಿ ಕಾಣುವ ಅಧಿಕಾರಿಯ ಎದುರು ಗಂಡನ ಕುಡಿತದ ಲೆಕ್ಕ ಹೇಳಲು ಹೆಣ್ಣುಮಗಳಿಗೆ ಎಷ್ಟು ಧೈರ್ಯ ಬೇಕೆಂಬುದನ್ನು ಈ ನೇಮಕಗಳು ಗಣನೆಗೆ ತಂದುಕೊಂಡಿಲ್ಲ. 2025ರ ಮೇ 20ರಂದು 'ವಿ ದ ವಿಮೆನ್ ಆಫ್ ಇಂಡಿಯಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳನ್ನೇ ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿತು.

ಸುಪ್ರೀಂ ಕೋರ್ಟಿನ ತೀರ್ಪುಗಳು ಕಾಯ್ದೆಯನ್ನು ಮೊದಲು ಕುಗ್ಗಿಸಿ ಆಮೇಲೆ ಹಿಗ್ಗಿಸಿದವು. 2006ರ ಬಾತ್ರಾ ಪ್ರಕರಣದಲ್ಲಿ ಅತ್ತೆಯ ಸ್ವಂತ ಮನೆಯಲ್ಲಿರಲು ಸೊಸೆಗೆ ಹಕ್ಕಿಲ್ಲವೆಂದ ನ್ಯಾಯಾಲಯ, 2020ರ ಅಕ್ಟೋಬರ್‌ನ ಸತೀಶ್ ಚಂದರ್ ಅಹುಜಾ ತೀರ್ಪಿನಲ್ಲಿ ಆ ನಿಲುವನ್ನು ಬಿಟ್ಟಿತು. ಅದೇ ವರ್ಷದ ನವೆಂಬರ್‌ನ ರಜ್ನೇಶ್ ಮತ್ತು ನೇಹಾ ಪ್ರಕರಣದಲ್ಲಿ, ಜೀವನಾಂಶದ ವ್ಯಾಜ್ಯದಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಗಂಡನ ನಿಜವಾದ ವರಮಾನ ಗೊತ್ತಿಲ್ಲದ ಹೆಂಡತಿಗೆ ಇದರಿಂದ ದೊಡ್ಡ ಬಲ ಬಂತು.

ನೇರ ಹಣ, ನಿವಾಸದ ಷರತ್ತು

ಮನೋಹರ ಪರಿಕ್ಕರ್ ಸರ್ಕಾರ 2012ರಲ್ಲಿ ತಂದ ಗೃಹ ಆಧಾರ್ ಯೋಜನೆ ಗೃಹಿಣಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 1000 ರೂಪಾಯಿ ಹಾಕಿತು. ಮುಂದೆ ಅದು 1500 ಆಯಿತು. ಬೆಲೆಯೇರಿಕೆಗೆ ಆಸರೆ ಎಂಬುದು ಘೋಷಿತ ಉದ್ದೇಶ. ಕೈಯೊಡ್ಡದೆ ಖರ್ಚು ಮಾಡಬಹುದಾದ ಹಣ ಹೆಂಗಸಿನ ಹೆಸರಿಗೇ ಬಂದದ್ದರಿಂದ ಈ ಇತಿಹಾಸದಲ್ಲಿ ಅದಕ್ಕೆ ಸ್ಥಾನವಿದೆ. ಗೋವಾದಲ್ಲಿ 15 ವರ್ಷ ನೆಲೆಸಿರಬೇಕೆಂಬ ಷರತ್ತು ಕರ್ನಾಟಕದಿಂದ ಕೂಲಿಗೆ ಬಂದ ಎಷ್ಟೋ ಕುಟುಂಬಗಳನ್ನು ಹೊರಗಿಟ್ಟಿತು. ಕರ್ನಾಟಕದ ಗೃಹಲಕ್ಷ್ಮಿ (2023ರ ಆಗಸ್ಟ್ 30) 2000 ರೂಪಾಯಿ ಕೊಡುತ್ತದಾದರೂ ಪಡಿತರ ಚೀಟಿಯ ಯಜಮಾನಿಗೆ ಮಾತ್ರ. ಅತ್ತೆ ಯಜಮಾನಿಯಾದ ಮನೆಯಲ್ಲಿ ಸೊಸೆಗೆ ಅದು ತಲುಪುವುದು ಅತ್ತೆಯ ಮನಸ್ಸಿದ್ದರೆ.

ವಲಸಿಗರ ವಿಷಯದಲ್ಲಿ ಗೊಂದಲ ಇನ್ನೂ ಆಳವಾಗಿದೆ. ಗೋವಾದಲ್ಲಿ ಬಾಳುವವರಿಗೆಲ್ಲ ಅರ್ಧ ಆಸ್ತಿಯ ನಿಯಮ ತಾನಾಗಿ ಅನ್ವಯಿಸುತ್ತದೆಂದು ಹಲವರು ತಿಳಿದಿದ್ದಾರೆ. 2019ರ ಸೆಪ್ಟೆಂಬರ್ 13ರ ಜೋಸ್ ಪಾವ್ಲೊ ಕುಟಿನ್ಹೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗೋವಾ ಮೂಲನೆಲೆಯವರ ಆಸ್ತಿ ಭಾರತದ ಎಲ್ಲೇ ಇದ್ದರೂ ಅದರ ಉತ್ತರಾಧಿಕಾರಕ್ಕೆ ಸಂಹಿತೆ ಅನ್ವಯಿಸುತ್ತದೆ ಎಂದಿತು. ಕಾನೂನು ವ್ಯಕ್ತಿಯ ನೆಲೆಯನ್ನು ಹಿಂಬಾಲಿಸುತ್ತದೆ ಎಂಬ ಈ ತರ್ಕದ ಮೇಲೆ, ಬೆಳಗಾವಿ ಕಡೆ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ವಾಳಪೈಗೆ ದುಡಿಯಲು ಬಂದ ದಂಪತಿ ಬಾಡಿಗೆ ಮನೆ ಹಿಡಿದ ಮಾತ್ರಕ್ಕೆ ಸಮಪಾಲಿನವರಾಗುವುದಿಲ್ಲ.

2005ರ ಕಾಯ್ದೆ ಇಂಥ ಭೇದ ಮಾಡುವುದಿಲ್ಲ. ಹೆಂಗಸು ಖಾಯಂ ಆಗಿಯೋ ತಾತ್ಕಾಲಿಕವಾಗಿಯೋ ಇರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಕಾಯ್ದೆಯ 27ನೇ ಕಲಮಿನ ಪ್ರಕಾರ ಒಂದು ಊರಿನಲ್ಲಿ ಸಿಕ್ಕ ಆದೇಶವನ್ನು ದೇಶದ ಎಲ್ಲೆಡೆ ಜಾರಿ ಮಾಡಿಸಬಹುದು. ಗಂಡ ಘಾಟಿ ಹತ್ತಿ ಖಾನಾಪುರಕ್ಕೋ ಬೆಳಗಾವಿಗೋ ಹೋಗಿ ನೆಲೆಸಿದರೂ ವಾಳಪೈಯಲ್ಲಿ ಹೆಂಡತಿಗೆ ಸಿಕ್ಕ ಖರ್ಚಿನ ಹಣದ ಆದೇಶ ಅವನ ಮೇಲೆ ನಡೆಯುತ್ತದೆ.