ಒಂದೇ ಹೆಸರಿನ ನಾಲ್ಕು ಕಸಬಾ: ಎಕ್ಸ್‌ಎಂಎಲ್ ಕಲಿಕೆಗೆ ಮಧುಗಿರಿ ಸೀಮೆಯ ಮಾಹಿತಿ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ತುಮಕೂರು ಜಿಲ್ಲೆಯ ಒಂದು ಉಪವಿಭಾಗ. ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ಜಿಲ್ಲೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಈ ಶೈಕ್ಷಣಿಕ ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ತುಮಕೂರಿನಿಂದ ಬೇರೆಯಾಗಿಯೇ ಪ್ರಕಟವಾಗುತ್ತದೆ. ಲೋಕಸಭೆಗೆ ಮತ ಹಾಕುವಾಗ ಚಿತ್ರ ಮತ್ತೆ ಬದಲು: ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ ಸೇರಿದರೆ ಸಿರಾ, ಪಾವಗಡ ಚಿತ್ರದುರ್ಗಕ್ಕೆ. ಅಂಚೆಯವರದು ಇನ್ನೊಂದು ವರಸೆ. ಉಳಿದ ಮೂರು ಊರುಗಳ ಪಿನ್ 572ರಿಂದ ಶುರುವಾಗುತ್ತದೆ, ಪಾವಗಡದ್ದು 561202. ಊರವರಿಗೆ ಇದೆಲ್ಲ ರೂಢಿಯಾಗಿದೆ. ಕಂಪ್ಯೂಟರಿಗೆ ಹೇಳಿಕೊಡಲು ಹೊರಟವರಿಗೆ ಮಾತ್ರ ಇದು ಒಳ್ಳೆಯ ಕಾಟ, ಒಳ್ಳೆಯ ಪಾಠವೂ ಹೌದು.

1998ರ ಫೆಬ್ರವರಿ 10ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಮಾನ್ಯ ಮಾಡಿದ ಎಕ್ಸ್‌ಎಂಎಲ್ 1.0, ಮಾಹಿತಿಯನ್ನು ಟ್ಯಾಗುಗಳ ನಡುವೆ ಇಟ್ಟು, ಒಂದರೊಳಗೆ ಇನ್ನೊಂದನ್ನು ಸೇರಿಸಿ ಮರದ ಆಕಾರದಲ್ಲಿ ಕಟ್ಟುತ್ತದೆ. ಈ ಮರದಲ್ಲಿ ಪ್ರತಿ ಕೊಂಬೆಗೂ ತಾಯಿಕೊಂಬೆ ಒಂದೇ. ಪಾವಗಡವನ್ನು ತುಮಕೂರಿನೊಳಗೆ ಇಟ್ಟರೆ ಶಿಕ್ಷಣ ಇಲಾಖೆಗೆ ಒಗ್ಗದು, ಮಧುಗಿರಿಯೊಳಗೆ ಇಟ್ಟರೆ ಚುನಾವಣೆಯ ಲೆಕ್ಕಕ್ಕೆ ಸಿಗದು. ಹಾಗಾಗಿ ತಾಲ್ಲೂಕುಗಳ ಪಟ್ಟಿಯನ್ನೇ ಬೇರೆ ಇಟ್ಟು, ಪ್ರತಿಯೊಂದಕ್ಕೂ ಒಂದು ಗುರುತು ಕೊಟ್ಟು, ಜಿಲ್ಲೆ, ಕ್ಷೇತ್ರ, ಅಂಚೆ ವಲಯಗಳು ಆ ಗುರುತನ್ನು ಉಲ್ಲೇಖಿಸುವಂತೆ ಮಾಡಬೇಕಾಗುತ್ತದೆ. ಎಕ್ಸ್‌ಎಂಎಲ್‌ನ ವ್ಯಾಕರಣ ಒಂದೆರಡು ದಿನದಲ್ಲಿ ಕೈಗೆ ಹತ್ತುತ್ತದೆ. ಮಾಹಿತಿಗೆ ಯಾವ ಆಕಾರ ಕೊಡಬೇಕು ಎಂಬುದೇ ನಿಜವಾದ ಕಲಿಕೆ, ಪಠ್ಯಗಳು ಬೇಗ ದಾಟಿಹೋಗುವುದೂ ಅದನ್ನೇ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವೆಬ್ ಪ್ರಯೋಗಾಲಯದಲ್ಲಿ ಬಹುಕಾಲ ಇದ್ದ ಒಂದು ಅಭ್ಯಾಸವನ್ನೇ ನೋಡಿ. ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ), ಹೆಸರು, ಕಾಲೇಜು, ವಿಭಾಗ, ಸೇರಿದ ವರ್ಷ, ಇಮೇಲ್ ಇರುವಂತೆ ವಿದ್ಯಾರ್ಥಿಗಳ ಎಕ್ಸ್‌ಎಂಎಲ್ ಕಡತ ರಚಿಸಬೇಕು. ಮೂವರು ವಿದ್ಯಾರ್ಥಿಗಳ ಮಾಹಿತಿ ಸೃಷ್ಟಿಸಿಕೊಂಡರೆ ಸಾಕು. ಎಕ್ಸೆಲ್ ಹಾಳೆಯ ಮೂರು ಸಾಲಿನಲ್ಲಿ ಮುಗಿಯುವ ಕೆಲಸ ಇದು. ಎಕ್ಸ್‌ಎಂಎಲ್ ಯಾಕೆ ಬೇಕು ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಮುಂದೆ ಬಂದ ವೆಬ್ ತಂತ್ರಜ್ಞಾನದ ಪಠ್ಯಕ್ರಮದಲ್ಲಿ ಎಕ್ಸ್‌ಎಂಎಲ್ ಸಂಸ್ಕರಣೆ ಮತ್ತು ವೆಬ್ ಸೇವೆಗಳು ಕೊನೆಯ ಮಾಡ್ಯೂಲಿಗೆ ಹೋದವು. ಸೆಮಿಸ್ಟರಿನ ಕೊನೆಯ ಮಾಡ್ಯೂಲಿನ ಗತಿ ಏನೆಂದು ಪಾಠ ಮಾಡಿದವರಿಗೆಲ್ಲ ಗೊತ್ತು.

ಆ ಮೂವರು ವಿದ್ಯಾರ್ಥಿಗಳ ಬದಲು ಹೋಬಳಿಗಳನ್ನು ತೆಗೆದುಕೊಳ್ಳಬಹುದು. ಮಿಡಿಗೇಶಿ, ಪುರವರ, ಬುಕ್ಕಾಪಟ್ಟಣ, ಹೊಳವನಹಳ್ಳಿ, ನಾಗಲಮಡಿಕೆ ಎಂದು ಬರೆಯುತ್ತ ಹೋದರೆ ತೊಂದರೆಯಿಲ್ಲ. ಆದರೆ ಕಸಬಾ ಹೋಬಳಿ ನಾಲ್ಕು ತಾಲ್ಲೂಕಿನಲ್ಲೂ ಇದೆ. ಹೋಬಳಿಯ ಹೆಸರನ್ನೇ ‘ಐಡಿ’ ಎಂದು ಘೋಷಿಸಿದರೆ ಎರಡನೆಯ ಕಸಬಾ ಬಂದೊಡನೆ ತಪಾಸಣೆ ವಿಫಲವಾಗುತ್ತದೆ. ಯಾಕೆಂದರೆ ಐಡಿ ಇಡೀ ಕಡತಕ್ಕೆ ಒಂದೇ ಬಾರಿ ಬರಬೇಕು. ಕಡತದ ರಚನೆಯ ನಿಯಮಗಳನ್ನು ಬರೆದಿಡಲು 2001ರಲ್ಲಿ ಮಾನ್ಯವಾದ ಎಕ್ಸ್‌ಎಂಎಲ್ ಸ್ಕೀಮಾದ ‘ಕೀ’ ಎಂಬ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ತಾಲ್ಲೂಕು, ಹೋಬಳಿ ಎರಡೂ ಸೇರಿದ ಜೋಡಿ ಮಾತ್ರ ವಿಶಿಷ್ಟವಾಗಿದ್ದರೆ ಸಾಕು ಎಂದು ಬರೆಯಬಹುದು. ಮೂವರು ಕಲ್ಪಿತ ವಿದ್ಯಾರ್ಥಿಗಳಿಂದ ಈ ನಿಯಮದ ಅಗತ್ಯ ಮನವರಿಕೆಯಾಗದು.

ಟ್ಯಾಗುಗಳನ್ನು ಕನ್ನಡದಲ್ಲೇ ಬರೆಯಬಹುದು ಎಂಬುದು ಅನೇಕರಿಗೆ ತಿಳಿಯದು.

<ತಾಲ್ಲೂಕು ಪಿನ್="561202">ಪಾವಗಡ</ತಾಲ್ಲೂಕು>

ಇದು ಶುದ್ಧ ಎಕ್ಸ್‌ಎಂಎಲ್. ಮುಚ್ಚುವ ಟ್ಯಾಗಿನಲ್ಲಿ ‘ತಾಲೂಕು’ ಎಂದು ಒತ್ತು ಬಿಟ್ಟರೆ ಕಡತವನ್ನು ಓದುವ ತಂತ್ರಾಂಶವಾದ ಪಾರ್ಸರ್ ಅಲ್ಲೇ ನಿಲ್ಲುತ್ತದೆ. ಪತ್ರಿಕೆಯವರು ಎರಡೂ ರೂಪ ಬಳಸಿಕೊಂಡು ಹೋಗಬಹುದು, ಯಂತ್ರಕ್ಕೆ ಆ ಔದಾರ್ಯವಿಲ್ಲ. ಇನ್ನೊಂದು ತಮಾಷೆ: ಟ್ಯಾಗಿನ ಹೆಸರು 1 ಎಂಬ ಅಂಕಿಯಿಂದ ಶುರುವಾಗಕೂಡದು. ಆದರೆ ಎಕ್ಸ್‌ಎಂಎಲ್ 1.0ರ 2008ರ ಐದನೇ ಆವೃತ್ತಿಯ ನಿಯಮದಂತೆ ಕನ್ನಡದ ೧ರಿಂದ ಶುರುವಾಗಬಹುದು! ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ದಾಖಲೆಗಳ ಕಥೆ ಬೇರೆ. ಅಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಯೂನಿಕೋಡಿಗೆ ತಿರುಗಿಸದೆ ಕಡತಕ್ಕೆ ತುಂಬಿದರೆ ಪಾರ್ಸರ್ ಒಪ್ಪಬಹುದು, ‘ಮಧುಗಿರಿ’ ಎಂದು ಹುಡುಕಿದರೆ ಏನೂ ಸಿಗದು.

ಇನ್ನು ಪೇಟೆಗೆ ಬಂದರೆ, ಸಿರಾದ ಅಂಗಡಿಯಾಗಲಿ ಮಧುಗಿರಿಯ ಮಂಡಿಯಾಗಲಿ, ಲೆಕ್ಕ ಬರೆಯಲು ಟ್ಯಾಲಿ ಇದ್ದಲ್ಲಿ ಎಕ್ಸ್‌ಎಂಎಲ್ ಸೇವೆಯೊಂದು ಕೈಯಳತೆಯಲ್ಲೇ ಇದೆ. ಟ್ಯಾಲಿಯನ್ನು ಸರ್ವರ್ ಆಗಿ ಹೊಂದಿಸಿದರೆ ಅದು ಸಾಮಾನ್ಯವಾಗಿ 9000 ಪೋರ್ಟಿನಲ್ಲಿ ಕಾದಿರುತ್ತದೆ. ಎಕ್ಸ್‌ಎಂಎಲ್ ಕೋರಿಕೆ ಕಳಿಸಿದರೆ ಲೆಡ್ಜರು, ವೋಚರುಗಳು ಎಕ್ಸ್‌ಎಂಎಲ್ ಆಗಿಯೇ ಮರಳುತ್ತವೆ. ಇಂಟರ್ನೆಟ್ ಬೇಕಿಲ್ಲ. ಕಲಿಯುವವರು ಇಲ್ಲಿ ಎರಡು ಪೆಟ್ಟು ತಿನ್ನುವುದು ಖಚಿತ. ಅಂಗಡಿ ಹೆಸರಿನ ನಡುವೆ ‘& ಸನ್ಸ್’ ಇದ್ದು, ಆ & ಚಿಹ್ನೆಯನ್ನು ನಿಗದಿತ ಸಂಕೇತಕ್ಕೆ ಬದಲಿಸದೆ ಕಳಿಸಿದರೆ ಕೋರಿಕೆ ಕೆಡುತ್ತದೆ. ಟ್ಯಾಲಿಯಿಂದ ಬರುವ ಕೆಲವು ಉತ್ತರಗಳಲ್ಲಿ ನಾಲ್ಕನೇ ಸಂಖ್ಯೆಯ ನಿಯಂತ್ರಣ ಅಕ್ಷರದ ಉಲ್ಲೇಖ ಇರುತ್ತದೆ. ಎಕ್ಸ್‌ಎಂಎಲ್ 1.0 ಅದನ್ನು ಒಪ್ಪುವುದಿಲ್ಲ, ಓದುವ ಮೊದಲು ತೆಗೆಯಬೇಕು.

ನಕ್ಷೆಗಳಲ್ಲೂ ಎಕ್ಸ್‌ಎಂಎಲ್ ಇದೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್ ಸಾಮರ್ಥ್ಯದ್ದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ ಹರಡಿದೆ. ಅದರ ಎಲ್ಲೆಯನ್ನು ಗೂಗಲ್ ಅರ್ಥ್‌ನಲ್ಲಿ ಗುರುತಿಸಿ ಉಳಿಸಿದರೆ ಸಿಗುವ ಕೆಎಂಎಲ್ ಕಡತವೂ ಎಕ್ಸ್‌ಎಂಎಲ್ ವಂಶದ್ದೇ. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಪಾವಗಡ ಸುಮಾರು 14.1 ಉತ್ತರ, 77.3 ಪೂರ್ವದಲ್ಲಿದೆ. ಎರಡನ್ನೂ ಅದಲುಬದಲು ಮಾಡಿದರೆ ಬಯಲುಸೀಮೆಯ ಸೋಲಾರ್ ಫಲಕಗಳು ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ, ತಿಂಗಳುಗಟ್ಟಲೆ ಸೂರ್ಯ ಹುಟ್ಟದ ಜಾಗದಲ್ಲಿ ಹೋಗಿ ಕೂರುತ್ತವೆ. ಕಡತ ವ್ಯಾಕರಣಬದ್ಧವಾಗಿಯೇ ಇರುತ್ತದೆ, ಯಾವ ಪಾರ್ಸರೂ ಚಕಾರ ಎತ್ತದು.

ಮಾಹಿತಿ ವಿನಿಮಯದ ಇನ್ನೊಂದು ರೂಪವಾದ ಜೇಸನ್ ಬಂದ ಮೇಲೆ ಎಕ್ಸ್‌ಎಂಎಲ್ ಕಥೆ ಮುಗಿಯಿತು ಎನ್ನುವವರಿದ್ದಾರೆ. ಹೊಸ ವೆಬ್ ಸೇವೆಗಳ ಮಟ್ಟಿಗೆ ಅದರಲ್ಲಿ ಹುರುಳಿದೆ, ಬ್ರೌಸರಿಗೂ ಸರ್ವರಿಗೂ ನಡುವಿನ ಸಣ್ಣ ಮಾತುಕತೆಗೆ ಜೇಸನ್ ಹಗುರ. ಆದರೆ ಕೊರಟಗೆರೆಯ ಗೂಡಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಹಣ ಹಾಕಿದಾಗ ಬ್ಯಾಂಕುಗಳಿಗೂ ಯುಪಿಐ ವ್ಯವಸ್ಥೆಗೂ ನಡುವೆ ಓಡಾಡುವುದು ಡಿಜಿಟಲ್ ಸಹಿ ಹಾಕಿದ ಎಕ್ಸ್‌ಎಂಎಲ್ ಸಂದೇಶ. ಆಧಾರ್‌ನ ಆಫ್‌ಲೈನ್ ಇಕೆವೈಸಿ ಕೂಡ ಸಹಿ ಇರುವ ಎಕ್ಸ್‌ಎಂಎಲ್ ಕಡತ. ವಿಳಾಸದ ಒಂದು ಅಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಆ್ಯಂಡ್ರಾಯ್ಡ್ ಆ್ಯಪುಗಳ ಕನ್ನಡ ಅನುವಾದದ ಸಾಲುಗಳು ಕೂರುವುದೂ ಎಕ್ಸ್‌ಎಂಎಲ್ ಕಡತದಲ್ಲೇ.

ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಬಿಸಿಎ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮುಂದಿನ ಸೆಮಿಸ್ಟರಿನಲ್ಲಿ ಕಲ್ಪಿತ ವಿದ್ಯಾರ್ಥಿಗಳ ಪಟ್ಟಿ ಬಿಟ್ಟು, ಹೋಬಳಿಗಳ ಸ್ಕೀಮಾವನ್ನು ಮೊದಲ ಅಭ್ಯಾಸವಾಗಿ ಕೊಡಿ. ಸ್ಕೀಮಾ ತಪಾಸಣೆಗೆ ಉಚಿತ ತಂತ್ರಾಂಶಗಳಿವೆ, ಬರೆಯಲು ನೋಟ್‌ಪ್ಯಾಡ್ ಸಾಕು.